ಉತ್ತರಭಾಗದಲ್ಲಿ ದೊರೆತ ಮಾತು: ‘ಫ್ರಾಂಕೆನ್‌ಸ್ಟೈನನ ವಧು’

ಕಥೆಯೊಂದು ಜನರ ಮನಸ್ಸನ್ನು ಸೆಳೆಯಿತೆಂದರೆ ಅದಕ್ಕೆ ಉತ್ತರಭಾಗವೊಂದು ಬೇಕೆಂಬ ಆಸೆಯು ಕೇಳುವವರಲ್ಲಿಯೂ ಹೇಳುವವರಲ್ಲಿಯೂ ಸಹಜವಾಗಿಯೇ ಹುಟ್ಟುವುದು. ಆದರೆ ಉತ್ತರಭಾಗಗಳ ಹಣೆಯಬರಹವು ಸಾಮಾನ್ಯವಾಗಿ ಅಷ್ಟೊಂದು ಚೆನ್ನಾಗಿರುವುದಿಲ್ಲ. ಬಾಣನು ಮುಗಿಸದೆ ಬಿಟ್ಟುಹೋದ ಕಾದಂಬರಿಯನ್ನು ಅವನ ಮಗನು ಪೂರ್ಣಗೊಳಿಸಿದನು. ಓದುವವರು ಮಗನ ಪಿತೃಭಕ್ತಿಯನ್ನು ಕೊಂಡಾಡಿ, ತಂದೆಯ ಭಾಗವನ್ನೇ ಮತ್ತೆ ಮತ್ತೆ ತೆರೆಯುತ್ತಾರೆ. ಇದಕ್ಕೆ ಎದುರಾದ ನಿದರ್ಶನವೂ ಇಲ್ಲದಿಲ್ಲ. ಭವಭೂತಿಯು ಮಹಾವೀರಚರಿತದಲ್ಲಿ ರಾಮಕಥೆಯ ಪೂರ್ವಭಾಗವನ್ನೂ ಉತ್ತರರಾಮಚರಿತದಲ್ಲಿ ಅದರ ಮುಂದಿನದನ್ನೂ ನಾಟಕಕ್ಕಿಳಿಸಿದನು. ಅವನ ಕೀರ್ತಿಯು ನಿಂತಿರುವುದು ಎರಡನೆಯದರ ಮೇಲೆ. ಮೊದಲನೆಯದರಲ್ಲಿ ವೀರರಸವು ಮುಂದಾಗಿತ್ತು, ಎರಡನೆಯದರಲ್ಲಿ ಕರುಣವು ಮುಂದಾಯಿತು. ಕಥೆಯು ಮುಂದುವರಿಯಿತೆಂಬುದಕ್ಕಿಂತ ಅದರ ಒಳಗು ತೆರೆಯಿತೆಂದು ಹೇಳುವುದೇ ಸರಿ.

ಇಂತಹದೇ ಒಂದು ಸಂಗತಿಯು ಚಲಚ್ಚಿತ್ರದ ಚರಿತ್ರೆಯಲ್ಲಿಯೂ, ಅದರಲ್ಲಿಯೂ ಯಾರೂ ಕಾವ್ಯಗುಣವನ್ನು ಅರಸಿ ಹೋಗದ ಭಯಾನಕ ಚಿತ್ರಗಳ ಬಳಿಯಲ್ಲಿ, ನಡೆದುಹೋಗಿದೆ. ಅಮೆರಿಕದ ಯೂನಿವರ್ಸಲ್ ಸಂಸ್ಥೆಯವರು 1931ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಎಂಬ ವಾಕ್ಚಿತ್ರವನ್ನೂ 1935ರಲ್ಲಿ ಅದರ ಉತ್ತರಭಾಗವಾಗಿ ‘ಫ್ರಾಂಕೆನ್‌ಸ್ಟೈನನ ವಧು’ ಎಂಬುದನ್ನೂ ಹೊರತಂದರು. ಎರಡನ್ನೂ ನಿರ್ದೇಶಿಸಿದವನು ಜೇಮ್ಸ್ ವೇಲ್ ಎಂಬ ಆಂಗ್ಲೇಯನು. ಎರಡನೆಯದು ಮೊದಲನೆಯದನ್ನು ಮೀರಿಸಿತೆಂಬುದು ಬಹುಮಂದಿ ವಿಮರ್ಶಕರ ಮತ. ನನಗೂ ಆ ಮತವು ಸಮ್ಮತವೇ. ಆದರೆ ಅದಕ್ಕಾಗಿ ಅವರು ಎತ್ತಿ ಹೇಳುವ ಕಾರಣಗಳು, ಎಂದರೆ ಪಳಗಿದ ಕೈ, ಬೆಳಕುನೆರಳಿನ ಬೆಡಗು, ವಕ್ರವಾದ ಹಾಸ್ಯ, ಇವೆಲ್ಲ ನಿಜವಾದರೂ ಸಾಲವು. ಮೊದಲನೆಯ ಚಿತ್ರವು ಮೂಲಗ್ರಂಥದಿಂದ ಒಂದನ್ನು ಕಿತ್ತುಹಾಕಿತ್ತು; ಎರಡನೆಯದು ಅದನ್ನು ಹಿಂದಕ್ಕೆ ತಂದುಕೊಟ್ಟಿತು. ಅದೇ ಮಾತು. ಇದನ್ನು ವಿವರಿಸಬೇಕಾದರೆ ಮೂಲಗ್ರಂಥಕ್ಕೆ ಹೋಗದೆ ಗತ್ಯಂತರವಿಲ್ಲ.

1815ರಲ್ಲಿ ಜಾವಾದ ಪೂರ್ವಕ್ಕಿರುವ ಸುಂಬಾವಾ ದ್ವೀಪದ ತಂಬೋರಾ ಅಗ್ನಿಪರ್ವತವು ಸಿಡಿಯಿತು. ಅದರ ಬೂದಿಯೂ ಹೊಗೆಯೂ ಆಕಾಶವನ್ನು ಮುಚ್ಚಿದುದರಿಂದ ಮುಂದಿನ ವರ್ಷ ಯೂರೋಪಿನಲ್ಲಿ ಬೇಸಗೆಯೇ ಬರಲಿಲ್ಲವೆನ್ನುತ್ತಾರೆ. 1816ರ ಆ ಮಂಕು ಬೇಸಗೆಯಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಕವಿ ಬೈರನನು ಬೀಡುಬಿಟ್ಟಿದ್ದನು. ಕವಿ ಷೆಲ್ಲಿಯೂ ಅವನೊಡನಿದ್ದ ಮೇರಿಯೂ ನೆರೆಯಲ್ಲಿ ಇಳಿದಿದ್ದರು. ಮಳೆಯು ಮನೆಯೊಳಗೆ ಕೂಡಿಹಾಕಿದಾಗ ಒಬ್ಬೊಬ್ಬರೂ ಒಂದೊಂದು ಭೂತದ ಕಥೆಯನ್ನು ಬರೆಯಬೇಕೆಂದು ಬೈರನನು ಸೂಚಿಸಿದನು. ಕವಿಗಳಿಬ್ಬರೂ ತುಸು ಬರೆದು ಕೈಬಿಟ್ಟರು. ಹದಿನೆಂಟು ವರ್ಷದ ಮೇರಿಯು ಬರೆದು ಮುಗಿಸಿದಳು. 1818ರ ಜನವರಿಯಲ್ಲಿ ಲಂಡನ್ನಿನಲ್ಲಿ ಐನೂರು ಪ್ರತಿಗಳಾಗಿ ಆ ಪುಸ್ತಕವು ಅಚ್ಚಾಯಿತು. ಗ್ರಂಥಕರ್ತೃವಿನ ಹೆಸರು ಅದರ ಮೇಲಿರಲಿಲ್ಲ.

ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ತರುಣ ವಿಜ್ಞಾನಿಯು ಸತ್ತವರ ಅವಯವಗಳನ್ನು ಕೂಡಿಸಿ ಒಬ್ಬ ಕೃತಕಪುರುಷನನ್ನು ಮಾಡಿ ಅವನಿಗೆ ಜೀವ ಕೊಡುತ್ತಾನೆ. ಕಣ್ಣು ತೆರೆದ ಆ ವಿಕಾರರೂಪವನ್ನು ಕಂಡು ಹೆದರಿ ಓಡಿಹೋಗುತ್ತಾನೆ. ಇಷ್ಟನ್ನು ಎಲ್ಲರೂ ಬಲ್ಲರು. ಕೃತಕಪುರುಷನು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ನಡುವಣ ಭಾಗವೇ ಗ್ರಂಥದ ಹೃದಯವೆಂಬುದನ್ನು ಮಾತ್ರ ಪುಸ್ತಕವನ್ನು ಓದದವರು ಅರಿಯರು. ಕಾಡಿನಂಚಿನ ಬಡಕುಟುಂಬವೊಂದರ ಮನೆಗೆ ಅಂಟಿಕೊಂಡ ಗುಡಿಸಲಿನಲ್ಲಿ ಅವನು ಅಡಗಿದ್ದು, ಗೋಡೆಯ ಬಿರುಕಿನಿಂದ ನೋಡಿ ನೋಡಿ ಭಾಷೆಯನ್ನು ಕಲಿಯುತ್ತಾನೆ. ಮಿಲ್ಟನನ ಮಹಾಕಾವ್ಯವನ್ನೂ ಪ್ಲೂಟಾರ್ಕನ ಚರಿತ್ರೆಗಳನ್ನೂ ಓದುತ್ತಾನೆ. ಆ ಮನೆಯ ಮುದುಕನು ಕುರುಡ. ಕಣ್ಣಿಲ್ಲದವನಾದರೂ ತನ್ನನ್ನು ಮನುಷ್ಯನೆಂದು ಕಂಡಾನೆಂದು ನಂಬಿ ಒಂದು ದಿನ ಅವನ ಮುಂದೆ ಹೋಗಿ ಕುಳಿತುಕೊಳ್ಳುತ್ತಾನೆ. ಅಷ್ಟರಲ್ಲಿ ಮಕ್ಕಳು ಬಂದು ಹೊಡೆದಟ್ಟುತ್ತಾರೆ. ಮುಂದೆ ಹೊಳೆಯಲ್ಲಿ ಮುಳುಗುತ್ತಿದ್ದ ಹುಡುಗಿಯನ್ನು ಎತ್ತಿ ತಂದರೆ ಅವನಿಗೆ ದೊರೆಯುವುದು ಗುಂಡಿನೇಟು. ಆಮೇಲೆಯೇ ಅವನು ತನ್ನ ಕರ್ತೃವನ್ನು ಹುಡುಕಿ ಹೋಗಿ, ತನಗೊಬ್ಬ ಸಂಗಾತಿಯನ್ನು ಮಾಡಿಕೊಡೆಂದು ಬೇಡುವುದು. ಅವನ ಕ್ರೌರ್ಯವು ಹುಟ್ಟಿನಿಂದ ಬಂದುದಲ್ಲ, ಲೋಕವು ಕಲಿಸಿದುದು ಎಂಬುದೇ ಮೇರಿ ಷೆಲ್ಲಿಯ ವಾದದ ತಿರುಳು. ಮತ್ತು ಆ ವಾದವನ್ನು ಮಂಡಿಸುವವನು ಆ ಕೃತಕಪುರುಷನೇ.

ನಾಟಕಗಳಲ್ಲಿ ಹಾದು ಕಥೆಯು ಚಲಚ್ಚಿತ್ರಕ್ಕೆ ಬರುವಷ್ಟರಲ್ಲಿ ಈ ವಾಗ್ಮಿಯು ಮೂಗನಾದನು. 1910ರಲ್ಲಿ ಎಡಿಸನ್ ಸಂಸ್ಥೆಯವರು ಇದನ್ನೊಂದು ಕಿರಿಯ ಮೂಕಚಿತ್ರವಾಗಿ ತೆಗೆದಿದ್ದರು; ಅಲ್ಲಿ ಮಾತಿಗೆ ಎಡೆಯೇ ಇರಲಿಲ್ಲ. ಆದರೆ 1931ರ ಚಿತ್ರವು ವಾಕ್ಚಿತ್ರವಾಗಿದ್ದೂ ನಾಯಕನಿಗೆ ನರಳುವ ಗುರುಗುಟ್ಟುವ ಧ್ವನಿಯನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ. ಅದರ ಆಧಾರವಾದರೂ ನೇರವಾಗಿ ಗ್ರಂಥವಲ್ಲ, ಪೆಗಿ ವೆಬ್ಲಿಂಗ್ ಎಂಬಾಕೆಯು ಬರೆದ ರಂಗನಾಟಕ. ವಿಕ್ಟರನ ಹೆಸರು ಹೆನ್ರಿಯೆಂದು ಬದಲಾಯಿತು. ಮೂಲಗ್ರಂಥಕರ್ತ್ರಿಯ ಹೆಸರನ್ನು ತೆರೆಯ ಮೇಲೆ ಹೇಗೆ ಕಾಣಿಸಿದರೆಂಬುದನ್ನು ಗಮನಿಸಬೇಕು: ಪರ್ಸಿ ಬಿ. ಷೆಲ್ಲಿಯ ಶ್ರೀಮತಿ ಎಂದು! ಗಂಡನ ಹೆಸರಿನ ಹಿಂದೆ ಹೆಂಡತಿಯು ಅಡಗಿದಂತೆ ಅವಳ ಮಾತುಗಾರ ಜೀವಿಯೂ ಮೌನದ ಹಿಂದೆ ಅಡಗಿದನು.

ಹೀಗೆಂದು ಮೊದಲನೆಯ ಚಿತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರ ಕೆಲವು ದೃಶ್ಯಗಳಿಗೆ ಇಂದಿಗೂ ಸಾಟಿಯಿಲ್ಲ. ಕೃತಕಪುರುಷನು ಮೊದಲು ಕಾಣಿಸಿಕೊಳ್ಳುವ ಎಡೆಯನ್ನೇ ನೋಡಿರಿ. ಅವನು ಬಾಗಿಲೊಳಗಿಂದ ಬೆನ್ನುಮಾಡಿಕೊಂಡು ಬರುತ್ತಾನೆ, ಮೆಲ್ಲನೆ ತಿರುಗುತ್ತಾನೆ, ಛಾಯಾಯಂತ್ರವು ಎರಡು ಮೂರು ನೆಗೆತಗಳಲ್ಲಿ ಆ ಮುಖದ ಬಳಿಗೆ ಹೋಗುತ್ತದೆ. ಮಾಡಿನ ಕಿಂಡಿಯನ್ನು ತೆರೆದಾಗ ಮೇಲಿನಿಂದ ಬೀಳುವ ಬೆಳಕನ್ನು ಹಿಡಿಯಲೆಂದು ಅವನು ಕೈಗಳನ್ನು ಮೇಲೆತ್ತುವುದು, ಬೆಳಕು ಮುಚ್ಚಿದಾಗ ಅದೇ ಕೈಗಳನ್ನು ಬೇಡುವವನಂತೆ ಚಾಚುವುದು, ಇವೆರಡರಲ್ಲಿಯೇ ಬೋರಿಸ್ ಕಾರ್ಲಾಫ್ ಎಂಬ ನಟನು ಒಂದು ಶೈಶವವನ್ನೆಲ್ಲ ತೋರಿಸಿಬಿಟ್ಟನು. (ಈತನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ತಂದೆಯು ಬ್ರಿಟಿಷ್ ಸರಕಾರದ ಕಾಲದಲ್ಲಿ ನಮ್ಮ ದೇಶದ ಉಪ್ಪಿನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು.) ಮುಖವನ್ನು ರಚಿಸಿದವನು ಜ್ಯಾಕ್ ಪಿಯರ್ಸ್. ಚಪ್ಪಟೆಯಾದ ನೆತ್ತಿ, ಜೋಲುಬಿದ್ದ ರೆಪ್ಪೆ, ಕತ್ತಿನ ಇಕ್ಕೆಲದ ಲೋಹದ ಮೊಳೆಗಳು: ಇವು ಗ್ರಂಥದಲ್ಲಿಲ್ಲದಿದ್ದರೂ ಇಂದು ಆ ಹೆಸರನ್ನು ಕೇಳಿದ ಮಾತ್ರಕ್ಕೆ ಲೋಕದವರೆಲ್ಲರ ಕಣ್ಣಿಗೆ ಕಟ್ಟುವುದು ಅವೇ. ಆರಂಭದ ನಟವರ್ಗದ ಪಟ್ಟಿಯಲ್ಲಿ ಆ ಪಾತ್ರದ ಎದುರಿಗೆ ನಟನ ಹೆಸರಿರಲಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು.

ಆದರೂ ಆ ಚಿತ್ರದೊಳಗೊಂದು ಕೊರತೆಯುಂಟು, ಅದು ಸಣ್ಣದಲ್ಲ. ವಿಜ್ಞಾನಿಯ ಆಳು ಒಳ್ಳೆಯ ಮಿದುಳಿನ ಗಾಜಿನ ಪಾತ್ರೆಯನ್ನು ಕೈತಪ್ಪಿ ಒಡೆದುಹಾಕಿ ಅಪರಾಧಿಯೊಬ್ಬನ ಮಿದುಳನ್ನು ಕದ್ದು ತರುತ್ತಾನೆ. ಈ ಒಂದು ಉಪಾಯದಿಂದ ಮೇರಿ ಷೆಲ್ಲಿಯ ವಾದವೆಲ್ಲ ತಲೆಕೆಳಗಾಯಿತು. ಮಿದುಳೇ ಕೆಟ್ಟದ್ದಾದರೆ ಲೋಕದ ತಪ್ಪೇನು, ಹೊರಹಾಕಿದ ತಂದೆಯ ತಪ್ಪೇನು? ಕೆರೆಯ ದಡದಲ್ಲಿ ಮೇರಿಯಾ ಎಂಬ ಪುಟ್ಟ ಹುಡುಗಿಯು ಅವನಿಗೆ ಹೂಗಳನ್ನು ಕೊಟ್ಟು ನೀರಿನಲ್ಲಿ ತೇಲಿಬಿಡುವುದನ್ನು ಕಲಿಸುತ್ತಾಳೆ. ಹೂಗಳು ಮುಗಿದಾಗ, ಅವಳೂ ಹೂವಿನಂತೆ ತೇಲುವಳೆಂದೆಣಿಸಿ ಅವಳನ್ನೇ ನೀರಿಗೆ ಎಸೆಯುತ್ತಾನೆ. ಅವನ ಮುಗ್ಧತೆಯೂ ಅನರ್ಥವೂ ಒಂದೇ ಕ್ಷಣದಲ್ಲಿ ತೋರುವ ಎಡೆ ಇದು. ಆದರೆ ಹಲವು ಕಡೆಗಳಲ್ಲಿ ಅಧಿಕಾರಿಗಳು ಈ ಭಾಗವನ್ನು ಕತ್ತರಿಸಿದರು. ಅವನು ಕೈಚಾಚುವಲ್ಲಿಗೆ ದೃಶ್ಯವು ನಿಂತು, ಮುಂದೆ ತಂದೆಯು ಮಗುವಿನ ಶವವನ್ನು ಹೊತ್ತು ಬರುವುದು ಮಾತ್ರ ಕಾಣುತ್ತಿತ್ತು. ನೋಡುವವರು ನಡುವೆ ಏನೇನನ್ನು ಊಹಿಸಿರಬಹುದು! ಶೀಲವನ್ನು ಕಾಯುವ ಕತ್ತರಿಯು ಇಲ್ಲದ ಅಶ್ಲೀಲವನ್ನು ಹುಟ್ಟಿಸಿತು. ಆ ತುಂಡು ತನ್ನ ಸ್ಥಾನಕ್ಕೆ ಮರಳಿ ಬಂದುದು 1980ರ ದಶಕದಲ್ಲಿ.

ಚಿತ್ರವು ಅಪಾರವಾದ ಹಣವನ್ನು ತಂದಿತು. ಉತ್ತರಭಾಗವು ಬೇಕೆಂದು ಸಂಸ್ಥೆಯವರು ಪಟ್ಟುಹಿಡಿದರು. ವೇಲನಿಗೆ ಮನಸ್ಸಿರಲಿಲ್ಲ. ಆ ವಿಷಯದ ಸಾರವನ್ನೆಲ್ಲ ತಾನು ಆಗಲೇ ಹಿಂಡಿಬಿಟ್ಟೆನೆಂಬುದು ಅವನ ಅಭಿಪ್ರಾಯ. ಇವನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಡಡ್ಲಿ ಎಂಬ ಕೈಗಾರಿಕೆಯ ಊರಿನ ಕಾರ್ಮಿಕ ಕುಟುಂಬದಲ್ಲಿ 1889ರಲ್ಲಿ ಹುಟ್ಟಿದ ಈತನು ಮೊದಲನೆಯ ಮಹಾಯುದ್ಧದಲ್ಲಿ ಅಧಿಕಾರಿಯಾಗಿ ಹೋಗಿ 1917ರಲ್ಲಿ ಜರ್ಮನರ ಸೆರೆಸಿಕ್ಕಿದನು. ನಾಟಕವಾಡಿಸುವುದನ್ನು ಕಲಿತದ್ದು ಆ ಸೆರೆಯ ಪಾಳೆಯದಲ್ಲಿ. ಯುದ್ಧದ ಕಂದಕಗಳ ಬಾಳನ್ನು ಕುರಿತ ಷೆರಿಫನ ‘ಪಯಣದ ಕೊನೆ’ ಎಂಬ ನಾಟಕವು ಅವನಿಗೆ ಹೆಸರು ತಂದಿತು. ಅದನ್ನೇ 1930ರಲ್ಲಿ ಚಿತ್ರಕ್ಕಿಳಿಸಿದನು. ಅದರಲ್ಲಿ ಕುಡಿತದಿಂದ ನರಗಳನ್ನು ಬಿಗಿಹಿಡಿದುಕೊಂಡ ಸೇನಾನಿಯಾಗಿ ನಟಿಸಿದ ಕಾಲಿನ್ ಕ್ಲೈವನೇ ಇಲ್ಲಿ ಹೆನ್ರಿ ಫ್ರಾಂಕೆನ್‌ಸ್ಟೈನನಾದನು. ಛಿದ್ರವಾದ ದೇಹಗಳನ್ನು ಕಣ್ಣಾರೆ ಕಂಡು ಬಂದವನೊಬ್ಬನು ಛಿದ್ರದೇಹಗಳಿಂದ ಮಾಡಿದ ಮನುಷ್ಯನ ಕಥೆಯನ್ನು ಹೇಳಿದನೆಂಬುದು ಆಕಸ್ಮಿಕವಿರಬಹುದು, ಮರೆಯತಕ್ಕುದಲ್ಲ. 1933ರಲ್ಲಿ ‘ಅದೃಶ್ಯ ಮಾನವ’ನೂ ಗೆದ್ದ ಮೇಲೆ ಸಂಸ್ಥೆಯವರ ಒತ್ತಾಯವು ಹೆಚ್ಚಿತು. ಹಲವರು ಬರೆದ ಕಥಾಸೂಚನೆಗಳು ತಿರಸ್ಕೃತವಾಗಿ, ಕಡೆಗೆ ಜಾನ್ ಬಾಲ್ಡರ್‌ಸ್ಟನ್ ಮತ್ತು ವಿಲಿಯಂ ಹರ್ಲ್‌ಬಟ್ ಎಂಬವರ ಬರವಣಿಗೆಯು ನಿಂತಿತು. ಮೊದಲನೆಯದನ್ನು ಮತ್ತೊಮ್ಮೆ ಮಾಡುವುದಿಲ್ಲವೆಂಬ ಹಟದಿಂದಲೇ ವೇಲನು ಕೈಹಾಕಿದನೆಂದು ಚಿತ್ರವೇ ಸಾರುತ್ತದೆ.

ಅದು ತೆರೆಯುವುದು ಗುಡುಗುಮಿಂಚಿನ ಒಂದು ರಾತ್ರಿ, ಬೈರನನ ಮನೆಯಲ್ಲಿ. ಬೈರನನು ಮೊದಲ ಕಥೆಯನ್ನು ಹೊಗಳುತ್ತಾನೆ. ಕಸೂತಿಯನ್ನು ಹಿಡಿದು ಕುಳಿತ ಮೇರಿಯು ಕಥೆಯು ಅಲ್ಲಿಗೆ ಮುಗಿಯಲಿಲ್ಲವೆಂದು ಹೇಳಿ ಮುಂದಿನದನ್ನು ತೊಡಗುತ್ತಾಳೆ. ನಾಲ್ಕು ವರ್ಷಗಳ ಹಿಂದೆ ಗಂಡನ ಹೆಸರಿನಿಂದ ಮಾತ್ರ ಗುರುತಾಗಿದ್ದವಳು ಈಗ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಷೆಲ್ಲಿ ಎಂಬ ತನ್ನ ಪೂರ್ಣನಾಮದಿಂದ ಫಲಕದ ಮೇಲೆ ಬಂದಳು. ಬಂದು ತೆರೆಯ ಮೇಲೆಯೇ ಕುಳಿತು ತನ್ನ ಕಥೆಯನ್ನು ತಾನೇ ಹೇಳಿದಳು. ಇದೊಂದು ಅಲಂಕಾರವೆಂದು ಕೆಲವರು ತಳ್ಳಿಹಾಕುವುದುಂಟು. ಮುಂದೆ ನಡೆಯುವುದನ್ನೆಲ್ಲ ನೋಡಿದರೆ ಇದು ಒಪ್ಪಂದಪತ್ರದಂತೆ ನನಗೆ ತೋರುತ್ತದೆ.

ಏಕೆಂದರೆ ಗ್ರಂಥದಿಂದ ಬಿಟ್ಟುಹೋಗಿದ್ದುದೆಲ್ಲ ಒಂದೊಂದಾಗಿ ಮರಳಿ ಬರುತ್ತದೆ. ಉರಿದ ಗಾಳಿಗಿರಣಿಯ ಕೆಳಗಣ ನೀರಿನಲ್ಲಿ ಬದುಕುಳಿದ ಕೃತಕಪುರುಷನು ಕೆಲವರನ್ನು ಕೊಂದು ಕಾಡಿಗೆ ಹೋಗುತ್ತಾನೆ. ಅಲ್ಲಿ ಅವನನ್ನು ಕಂಡು ಬೆದರಿದ ಕುರುಬರ ಹುಡುಗಿಯೊಬ್ಬಳು ಕಾಲು ಜಾರಿ ನೀರಿಗೆ ಬೀಳುತ್ತಾಳೆ. ಅವನು ಧುಮುಕಿ ಅವಳನ್ನು ಎತ್ತುತ್ತಾನೆ. ಬೇಟೆಗಾರರು ಗುಂಡು ಹಾರಿಸುತ್ತಾರೆ. ಹಿಂದಿನ ಚಿತ್ರದಲ್ಲಿ ಹುಡುಗಿಯನ್ನು ಮುಳುಗಿಸಿದ ಕೈಗಳೇ ಇಲ್ಲಿ ಹುಡುಗಿಯನ್ನು ಮೇಲೆತ್ತಿದುವು. ಜನರ ಉತ್ತರದಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ. ಅವರು ಅವನನ್ನು ಒಂದು ಉದ್ದ ಮರಕ್ಕೆ ಬಿಗಿದು ಎತ್ತಿನಿಲ್ಲಿಸುವ ರೀತಿಯು ಕ್ರಿಸ್ತನ ಶಿಲುಬೆಯನ್ನು ನೆನಪಿಗೆ ತರುತ್ತದೆ. ಕೆಟ್ಟ ಮಿದುಳಿನ ಸಂಗತಿಯು ಇಷ್ಟರಲ್ಲಿ ಎಲ್ಲಿಯೋ ಹಿಂದೆ ಉಳಿದುಹೋಗಿರುತ್ತದೆ.

ಇನ್ನು ಕುರುಡ ಸನ್ಯಾಸಿಯ ಪ್ರಸಂಗ. ಬೇಟೆಗೆ ಸಿಕ್ಕಿ ಗಾಯಗೊಂಡು ಓಡುತ್ತಿರುವವನಿಗೆ ಕಾಡಿನೊಳಗಿನ ಗುಡಿಸಲಿನಿಂದ ಪಿಟೀಲಿನ ಧ್ವನಿಯು ಕೇಳಿಬರುತ್ತದೆ. ನುಡಿಸುತ್ತಿರುವುದು ಷೂಬರ್ಟನ ಪ್ರಸಿದ್ಧವಾದ ಮೇರಿಮಾತೆಯ ಗೀತ. ಕುರುಡ ಮುದುಕನು, ಹೆಗಿ ಎಂಬ ನಟನು ಈ ಪಾತ್ರವನ್ನು ವಹಿಸಿದ್ದನು, ಬಂದವನು ಯಾರೆಂದು ಕೇಳುತ್ತಾನೆ. ಉತ್ತರವಾಗಿ ಬರುವುದು ನರಳಿಕೆ ಮಾತ್ರ. ತನಗೆ ಕಣ್ಣಿಲ್ಲದಂತೆ ಇವನಿಗೆ ಮಾತಿಲ್ಲವೆಂದು ಮುದುಕನು ಅರಿತುಕೊಂಡು, ಕೈಹಿಡಿದು ಒಳಗೆ ಕರೆದು, ಊಟವಿಕ್ಕಿ ಮಲಗಿಸಿ, ಇಷ್ಟು ಕಾಲದ ಒಂಟಿತನದ ಮೇಲೆ ಗೆಳೆಯನನ್ನು ಕಳುಹಿಸಿದ ದೇವರಿಗೆ ವಂದನೆ ಸಲ್ಲಿಸುತ್ತಾನೆ. ಮಲಗಿದವನ ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರು ಇಳಿಯುತ್ತದೆ. ಆಮೇಲೆ ಪಾಠವು ಮೊದಲಾಗುತ್ತದೆ: ರೊಟ್ಟಿ, ಮದ್ಯ, ಗೆಳೆಯ, ಒಳ್ಳೆಯದು, ಕೆಟ್ಟದ್ದು. ಬೆಂಕಿಯನ್ನು ಕಂಡರೆ ನಡುಗುವವನಿಗೆ ಮುದುಕನು ಚುಟ್ಟ ಸೇದುವುದನ್ನು ಕಲಿಸುತ್ತಾನೆ. ಪ್ರೇಕ್ಷಕನು ನಗುತ್ತಾನೆ, ಆದರೆ ಆ ನಗೆಯಲ್ಲಿ ತಿರಸ್ಕಾರವಿರುವುದಿಲ್ಲ. ಒಂಟಿಯಾಗಿರುವುದು ಕೆಟ್ಟದ್ದು, ಗೆಳೆಯನಿರುವುದು ಒಳ್ಳೆಯದು ಎಂಬ ಮುದುಕನ ಪಾಠವನ್ನು ಅವನು ತನ್ನ ಒರಟು ದನಿಯಲ್ಲಿ ಒಪ್ಪಿಸುವಾಗ ಭಯಾನಕಚಿತ್ರವನ್ನು ನೋಡಲು ಬಂದೆವೆಂಬುದೇ ಮರೆತುಹೋಗುತ್ತದೆ. ದಾರಿತಪ್ಪಿ ಬಂದ ಇಬ್ಬರು ಕಣ್ಣುಳ್ಳವರು ಒಳಹೊಕ್ಕೊಡನೆ ಎಲ್ಲವೂ ಮುಗಿಯಿತು. ಗುಡಿಸಲಿಗೆ ಬೆಂಕಿ ಹತ್ತುತ್ತದೆ. ಗೆಳೆಯನೆಲ್ಲಿ ಎಂದು ಕೂಗುತ್ತ ಅವನು ಕತ್ತಲೆಯಲ್ಲಿ ತಡವರಿಸುತ್ತಾನೆ.

ಈ ಪಾತ್ರಕ್ಕೆ ಮಾತು ಕೊಡಬಾರದೆಂದು ಬಲವಾಗಿ ವಾದಿಸಿದವನು ಕಾರ್ಲಾಫನೇ ಎಂಬುದು ವಿನೋದದ ಸಂಗತಿ. ಮೌನದಲ್ಲಿಯೇ ಅದರ ಶಕ್ತಿಯೆಂದು ಅವನು ನಂಬಿದ್ದನು, ಕೊನೆಯವರೆಗೂ ಆ ನಂಬಿಕೆಯನ್ನು ಬಿಡಲಿಲ್ಲ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಾಯಿಬಿಟ್ಟರೆ ಭೀತಿಯು ತಗ್ಗುವುದು ನಿಜ. ವೇಲನು ಆ ಬೆಲೆಯನ್ನು ತೆತ್ತು ಕರುಣವನ್ನು ಕೊಂಡನು. ಮಾತೂ ಗ್ರಂಥದ ವಾಗ್ಮಿಯದಲ್ಲ, ಎಳೆಯ ಮಗುವಿನದು. ನಲವತ್ತು ಚಿಲ್ಲರೆ ಪದಗಳು ಮಾತ್ರ. ಹಿಂದೆ ಕೆನ್ನೆಯು ಗುಳಿಬೀಳಲೆಂದು ಕಾರ್ಲಾಫನು ತನ್ನ ಕಟ್ಟುಹಲ್ಲುಗಳನ್ನು ತೆಗೆದಿಟ್ಟು ನಟಿಸಿದ್ದನು. ಈ ಸಲ ಮಾತಾಡಬೇಕಾದುದರಿಂದ ಅವನ್ನು ತೆಗೆಯುವಂತಿರಲಿಲ್ಲ. ಮುಖವು ತುಸು ತುಂಬಿಕೊಂಡು ಮನುಷ್ಯನ ಮುಖಕ್ಕೆ ಇನ್ನೊಂದು ಹೆಜ್ಜೆ ಹತ್ತಿರವಾಯಿತು.

ದೋಷಗಳನ್ನೂ ಹೇಳಿಬಿಡುವೆನು. ಫ್ರಾಂಕೆನ್‌ಸ್ಟೈನನನ್ನು ಮತ್ತೆ ದುಷ್ಕಾರ್ಯಕ್ಕೆಳೆಯುವ ಡಾಕ್ಟರ್ ಪ್ರಿಟೋರಿಯಸನು ಗ್ರಂಥದಲ್ಲಿಲ್ಲದ ಪಾತ್ರ. ಗಾಜಿನ ಜಾಡಿಗಳಲ್ಲಿ ಗೇಣುದ್ದದ ರಾಜ, ರಾಣಿ, ಧರ್ಮಾಧ್ಯಕ್ಷರನ್ನು ಸಾಕಿಕೊಂಡಿರುತ್ತಾನೆ. ಈ ಬೊಂಬೆಯಾಟವು ಚಮತ್ಕಾರವಾಗಿದ್ದರೂ ಕಥೆಗೆ ಹೊಂದದು. ಸೇವಕಿ ಮಿನ್ನಿಯ ಕಿರಿಚಾಟವು ಎರಡನೆಯ ಸಲಕ್ಕೆ ಬೇಸರ ತರುತ್ತದೆ. ಕಥೆಯು ಯಾವ ಕಾಲದ್ದೆಂಬುದನ್ನಂತೂ ಕೇಳಲೇಬಾರದು. ಆದರೆ ಪ್ರಿಟೋರಿಯಸನ ವೇಷದ ಅರ್ನೆಸ್ಟ್ ಥೆಸಿಜರನು ಸ್ಮಶಾನದ ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯನ್ನೇ ಮೇಜುಮಾಡಿಕೊಂಡು, ದೀಪ ಹಚ್ಚಿಟ್ಟು, ಏಕಾಂತದಲ್ಲಿ ಊಟ ಮಾಡುವ ಗತ್ತನ್ನು ನೋಡಿದವರು ಎಲ್ಲವನ್ನೂ ಮನ್ನಿಸುವರು. ಅಲ್ಲಿಗೆ ಬಂದ ಕೃತಕಪುರುಷನಿಗೆ ಒಂದು ಲೋಟ ಮದ್ಯವನ್ನು ಕೊಟ್ಟು, ನಿನಗೊಬ್ಬ ಸಂಗಾತಿಯನ್ನು ಮಾಡಿಕೊಡುವೆನೆಂದು ಅವನು ಆಸೆ ತೋರಿಸುತ್ತಾನೆ.

ಸಂಗಾತಿಯ ವಿಷಯದಲ್ಲಿ ಚಿತ್ರವು ಗ್ರಂಥವನ್ನೂ ದಾಟಿ ಒಂದು ಹೆಜ್ಜೆ ಮುಂದೆ ಹೋಯಿತು. ಗ್ರಂಥದಲ್ಲಿ ವಿಕ್ಟರನು ಆರ್ಕ್ನಿ ದ್ವೀಪಗಳೊಳಗಿನ ನಿರ್ಜನವಾದೊಂದು ಸ್ಥಳದಲ್ಲಿ ಸ್ತ್ರೀಯನ್ನು ಮಾಡತೊಡಗಿ, ಅರ್ಧದಲ್ಲಿಯೇ ಚೂರುಚೂರಾಗಿ ಹರಿದುಹಾಕುತ್ತಾನೆ. ಅವನ ಹಿಂಜರಿಕೆಗೆ ಕಾರಣಗಳು ಹಲವು. ಅವುಗಳೊಳಗೆ ಓದುವವರು ಸಾಮಾನ್ಯವಾಗಿ ದಾಟಿಹೋಗುವ ಒಂದುಂಟು: ಅವಳು ಹುಟ್ಟುವುದಕ್ಕೆ ಮುಂಚೆ ಗಂಡಸರಿಬ್ಬರು ಮಾಡಿಕೊಂಡ ಒಪ್ಪಂದಕ್ಕೆ, ತಾನೇ ಯೋಚಿಸಬಲ್ಲ ಆ ಹೆಣ್ಣು ಬದ್ಧಳಾಗುವಳೆಂಬ ಖಾತರಿಯೇನು? ಮೇರಿ ಷೆಲ್ಲಿಯು ಈ ಬೀಜವನ್ನು ಒಂದು ವಾಕ್ಯದಲ್ಲಿ ಬಿತ್ತಿ ಮುಂದೆ ಹೋದಳು. ನೂರ ಹದಿನೇಳು ವರ್ಷಗಳ ಮೇಲೆ ವೇಲನು ಅದನ್ನು ಮೊಳೆಯಿಸಿದನು.

ಬಿರುಗಾಳಿಯ ರಾತ್ರಿ, ಗೋಪುರದ ಮೇಲಿನಿಂದ ಮಿಂಚನ್ನು ಹಿಡಿಯಲು ಗಾಳಿಪಟಗಳು ಹಾರುತ್ತವೆ, ಬಟ್ಟೆಯ ಪಟ್ಟಿಗಳಲ್ಲಿ ಸುತ್ತಿದ ದೇಹವು ಮಾಡಿನವರೆಗೆ ಏರಿ ಇಳಿಯುತ್ತದೆ. ಮೊದಲನೆಯ ಚಿತ್ರದಲ್ಲಿ ಆದಿ ಅಂತ್ಯಗಳ ಫಲಕಗಳನ್ನು ಬಿಟ್ಟರೆ ಹಿನ್ನೆಲೆಯ ಸಂಗೀತವೇ ಇರಲಿಲ್ಲ. ಇಲ್ಲಿ ಫ್ರಾನ್ಸ್ ವ್ಯಾಕ್ಸ್‌ಮನ್ ಎಂಬ ಯೆಹೂದಿ ಸಂಗೀತಗಾರನು, 1934ರಲ್ಲಿ ಬರ್ಲಿನ್ನಿನ ಬೀದಿಯಲ್ಲಿ ನಾಜಿಗಳಿಂದ ಪೆಟ್ಟುತಿಂದು ದೇಶಬಿಟ್ಟು ಬಂದವನು, ಒಂದೊಂದು ಪಾತ್ರಕ್ಕೂ ಒಂದೊಂದು ಸ್ವರಪಂಕ್ತಿಯನ್ನು ಕಟ್ಟಿಕೊಟ್ಟಿದ್ದಾನೆ. ಅವಳು ಹುಟ್ಟುವಾಗ ಎದೆಬಡಿತದಂತೆ ಭೇರಿಯು ಮಿಡಿಯುತ್ತದೆ, ಎದ್ದು ನಿಂತಾಗ ಮದುವೆಯ ಗಂಟೆಗಳು ಮೊಳಗುತ್ತವೆ. ಮೇಲಕ್ಕೆದ್ದು ನಿಂತ ಕೂದಲಿನಲ್ಲಿ ಇಕ್ಕೆಲಕ್ಕೂ ಮಿಂಚಿನಂತಹ ಬಿಳಿಯ ಗೆರೆ. ಈಜಿಪ್ಟಿನ ರಾಣಿ ನೆಫರ್ಟೀಟಿಯ ಪ್ರತಿಮೆಯೇ ಆ ಕೇಶರಚನೆಗೆ ಪ್ರೇರಣೆ. ಪ್ರಿಟೋರಿಯಸನು ಇವಳೇ ಫ್ರಾಂಕೆನ್‌ಸ್ಟೈನನ ವಧುವೆಂದು ಸಾರುತ್ತಾನೆ. (ಕರ್ತೃವಿನ ಹೆಸರನ್ನು ಕೃತಿಗೆ ಅಂಟಿಸುವ ಲೋಕರೂಢಿಯ ತಪ್ಪಿಗೆ ಈ ಸಾರಿಕೆಯೂ ಚಿತ್ರದ ಹೆಸರೂ ಸಾಕಷ್ಟು ನೆರವಾಗಿವೆ.)

ಅವಳು ಹಕ್ಕಿಯಂತೆ ಕತ್ತನ್ನು ಅತ್ತಿತ್ತ ಸರಕ್ಕನೆ ತಿರುಗಿಸಿ ನೋಡುತ್ತಾಳೆ. ಯಾರಿಗಾಗಿ ತನ್ನನ್ನು ಮಾಡಿದರೋ ಅವನು ಬಳಿಗೆ ಬಂದು, ತಾನು ಕಲಿತ ಮಾತುಗಳೊಳಗೆ ಅತ್ಯಂತ ಹೆಚ್ಚಿನದಾದ ಗೆಳತನದ ಮಾತನ್ನು ಪ್ರಶ್ನೆಯಂತೆ ಕೇಳುತ್ತಾನೆ. ಅವಳು ಕಿರಿಚುತ್ತಾಳೆ. ಅವನು ಅವಳ ಕೈಯನ್ನು ಮೆಲ್ಲನೆ ಸವರುತ್ತಾನೆ. ಮತ್ತೆ ಕಿರಿಚುತ್ತಾಳೆ, ಹಂಸದಂತೆ ಬುಸುಗುಟ್ಟುತ್ತಾಳೆ. ಆ ಧ್ವನಿಯನ್ನು ಲಂಡನ್ನಿನ ಉದ್ಯಾನದ ಕೋಪಿಷ್ಠ ಹಂಸಗಳಿಂದ ಕಲಿತೆನೆಂದು ನಟಿ ಎಲ್ಸಾ ಲ್ಯಾಂಚೆಸ್ಟರಳು ಹೇಳಿಕೊಂಡಿದ್ದಾಳೆ. ವಧುವಿಗೆ ಒಂದು ಮಾತೂ ಇಲ್ಲ, ತೆರೆಯ ಮೇಲಿರುವುದು ಕೆಲವೇ ನಿಮಿಷ. ಆದರೂ ಇಡೀ ಚಿತ್ರದಲ್ಲಿ ಅತ್ಯಂತ ಸ್ಪಷ್ಟವಾದ ಮಾತು ಅವಳ ನಿರಾಕರಣೆಯೇ. ಅವನು ನಮ್ಮ ಮರುಕಕ್ಕೆ ಪಾತ್ರನೆಂಬುದು ನಿಜ. ನಮ್ಮ ಮರುಕವನ್ನು ತೀರಿಸುವುದು ಅವಳ ಕರ್ತವ್ಯವಲ್ಲ ಎಂಬುದೂ ನಿಜ. ಚಿತ್ರವು ಎರಡನ್ನೂ ಬಿಟ್ಟುಕೊಡುವುದಿಲ್ಲ. ಈ ಲ್ಯಾಂಚೆಸ್ಟರಳೇ ಆರಂಭದಲ್ಲಿ ಕಸೂತಿ ಹಿಡಿದು ಕುಳಿತ ಮೇರಿ ಷೆಲ್ಲಿಯ ಪಾತ್ರವನ್ನೂ ವಹಿಸಿದವಳು. ಪಟ್ಟಿಯಲ್ಲಿ ಮೇರಿಯ ಎದುರಿಗೆ ಅವಳ ಹೆಸರಿದೆ. ವಧುವಿನ ಎದುರಿಗೆ, ನಾಲ್ಕು ವರ್ಷದ ಹಿಂದೆ ಕಾರ್ಲಾಫನಿಗೆ ಇದ್ದಂತೆ, ಪ್ರಶ್ನಾರ್ಥಕ ಚಿಹ್ನೆ.

ಉಳಿದವರಂತೆ ಇವಳೂ ತನ್ನನ್ನು ದ್ವೇಷಿಸುವಳೆಂದು ತಿಳಿದೊಡನೆ ಅವನು ಗೋಪುರವನ್ನೇ ಸಿಡಿಸಬಲ್ಲ ಸನ್ನೆಗೋಲಿನ ಮೇಲೆ ಕೈಯಿಡುತ್ತಾನೆ. ಹೆನ್ರಿಗೂ ಅವನನ್ನು ಅರಸಿ ಬಂದ ಹೆಂಡತಿ ಎಲಿಜಬೆತ್ತಳಿಗೂ ಹೋಗಿ ಬದುಕಿಕೊಳ್ಳಿರೆಂದು ಅಪ್ಪಣೆ ಕೊಟ್ಟು, ಪ್ರಿಟೋರಿಯಸನನ್ನು ತಡೆದು ನಿಲ್ಲಿಸಿ, ನಮಗೆ ತಕ್ಕುದು ಸಾವೇ ಎನ್ನುತ್ತಾನೆ. ಕೆನ್ನೆಯ ಮೇಲೆ ಮತ್ತೊಮ್ಮೆ ಕಣ್ಣೀರು. ಕೊಲ್ಲುವುದನ್ನಷ್ಟೇ ಬಲ್ಲವನೆಂದು ಊರೆಲ್ಲ ಹೇಳುತ್ತಿದ್ದವನು ಇಲ್ಲಿ ಯಾರು ಬದುಕಬೇಕೆಂಬುದನ್ನು ನಿರ್ಣಯಿಸುತ್ತಾನೆ. ಹೆನ್ರಿಯೂ ಅಲ್ಲಿಯೇ ಸಾಯಬೇಕೆಂದು ಮೊದಲು ಗೊತ್ತಾಗಿತ್ತು. ಕಡೆಯ ಗಳಿಗೆಯಲ್ಲಿ ಬದಲಾಯಿಸಿದರು. ಆದರೆ ಕುಸಿಯುವ ಪ್ರಯೋಗಶಾಲೆಯ ದೃಶ್ಯವನ್ನು ಮತ್ತೆ ತೆಗೆಯಲಾಗಲಿಲ್ಲ. ಆದಕಾರಣ ಕಣ್ಣಿಟ್ಟು ನೋಡುವವರಿಗೆ, ಆಗಲೇ ತಪ್ಪಿಸಿಕೊಂಡು ಹೊರಗೆ ಹೋದ ಹೆನ್ರಿಯು ಒಳಗೆ ಗೋಡೆಗೊರಗಿ ನಿಂತಿರುವುದೂ ಕಾಣುತ್ತದೆ. ಸೃಷ್ಟಿಕರ್ತನು ಬದುಕಿಯೂ ಇದ್ದಾನೆ, ಸತ್ತೂ ಇದ್ದಾನೆ. ಈ ಪ್ರಮಾದವನ್ನು ತಿದ್ದದೆ ಬಿಟ್ಟುದೇ ಒಳ್ಳೆಯದಾಯಿತೆಂದು ನನಗೆ ಅನ್ನಿಸುತ್ತದೆ.

1936ರಲ್ಲಿ ಯೂನಿವರ್ಸಲ್ ಸಂಸ್ಥೆಯು ಅದರ ಸ್ಥಾಪಕರಾದ ಲೆಮ್ಲಿ ಮನೆತನದ ಕೈತಪ್ಪಿತು. ಮರುವರ್ಷ ಕ್ಲೈವನು ತೀರಿಕೊಂಡನು. ವೇಲನು ಭಯಾನಕಚಿತ್ರಗಳ ಕಡೆಗೆ ಮತ್ತೆ ತಿರುಗಲಿಲ್ಲ. 1939ರಲ್ಲಿ ಹೊಸ ಒಡೆಯರು ಮೂರನೆಯದೊಂದನ್ನು, ‘ಫ್ರಾಂಕೆನ್‌ಸ್ಟೈನನ ಮಗ’ ಎಂಬುದನ್ನು, ರೋಲಂಡ್ ಲೀ ಎಂಬವನಿಂದ ಮಾಡಿಸಿದರು. ಗೋಪುರದ ಸಿಡಿತದಿಂದ ಹೇಗೋ ಉಳಿದ ಕೃತಕಪುರುಷನ ಪಾತ್ರದಲ್ಲಿ ಕಾರ್ಲಾಫನೇ ಮತ್ತೆ ಬಂದನು. ಕುರುಡ ಮುದುಕನು ಕಲಿಸಿದ ಮಾತುಗಳೊಳಗೆ ಒಂದೂ ಅವನ ಬಾಯಲ್ಲಿ ಉಳಿದಿರಲಿಲ್ಲ. ಅವು ಎಲ್ಲಿ ಹೋದುವೆಂದು ಆ ಚಿತ್ರದಲ್ಲಿ ಯಾರೂ ಕೇಳುವುದಿಲ್ಲ.